‘ವ್ಯತ್ಯಾಸ ಇಲ್ಲ’ ಎಂಬ ಉತ್ತರ

ಕೋವಿಡ್ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷದ ಮಾತು. ನಾನಾಗ ಪುಣೆಯ ಬಿಬವೇವಾಡಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ಲ್ಯಾಬಿನ ಜವಾಬ್ದಾರಿಯೂ ನನ್ನದೇ ಆಗಿತ್ತು. ಆ ವರ್ಷದ ವಿಜ್ಞಾನ ಪ್ರದರ್ಶನ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಕಾಲ ಕಳೆದಂತೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ನನ್ನದು ಇಳಿದಿಲ್ಲ, ಇಳಿಯಬೇಕೆಂದು ನನಗೆ ಅನ್ನಿಸಿಯೂ ಇಲ್ಲ.

ಮೊದಲು ನನ್ನ ಪಾಠದ ಕ್ರಮ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಜೀವಶಾಸ್ತ್ರವೆಂದರೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ವ್ಯಾಖ್ಯೆ ಬಾಯಿಪಾಠ ಮಾಡುವುದು. ಅಂಕಿಗಳು ಗಣಿತದ ತರಗತಿಯವು, ಇಲ್ಲಿ ಅವಕ್ಕೆ ಕೆಲಸವಿಲ್ಲ ಎಂಬ ನಂಬಿಕೆ. ನಾನು ಅದನ್ನು ಒಪ್ಪುತ್ತಿರಲಿಲ್ಲ. ನಾಡಿಬಡಿತವಿರಲಿ, ಎಲೆಯ ಅಗಲವಿರಲಿ, ಅಳೆಯದೆ ಯಾರೂ ಬಾಯಿ ತೆರೆಯಕೂಡದು ಎಂಬುದು ನನ್ನ ಲ್ಯಾಬಿನ ನಿಯಮ. ಒಂದು ಎಲೆ ಅಳೆದರೆ ಸಾಲದು, ಹಲವು ಅಳೆಯಬೇಕು. ಸರಾಸರಿ ತೆಗೆದರೆ ಸಾಲದು, ಅಳತೆಗಳು ಆ ಸರಾಸರಿಯಿಂದ ಎಷ್ಟು ದೂರ ಚೆದುರಿವೆ ಎಂದೂ ನೋಡಬೇಕು. ಈ ಚೆದುರುವಿಕೆಯನ್ನೇ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮಕ್ಕಳು ಗೊಣಗುತ್ತಿದ್ದರು. ಸಹೋದ್ಯೋಗಿಗಳು, ಪರೀಕ್ಷೆಯಲ್ಲಿ ಬರದ್ದನ್ನು ಯಾಕೆ ಕಲಿಸುತ್ತೀರಿ ಎಂದು ನಗುತ್ತಿದ್ದರು.

ಗೊಣಗದೆ ಕಲಿತವಳು ರೇಣುಕಾ. ಒಂಬತ್ತನೆಯ ತರಗತಿಯ ಹುಡುಗಿ. ಅಪ್ಪ ಮಲ್ಲಪ್ಪ ಯಾದಗಿರಿ ಕಡೆಯವನು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಅಂದರೆ ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಕಟ್ಟುವುದು. ಅವ್ವ ಶಾಂತವ್ವ ಅದೇ ಸೈಟುಗಳಲ್ಲಿ ಸಿಮೆಂಟು ಹೊರುತ್ತಿದ್ದಳು. ರೇಣುಕಾ ಎಂಟನೆಯವರೆಗೆ ಸರ್ಕಾರದ ಉಚಿತ ಸೀಟಿನಲ್ಲಿ ಓದಿದವಳು. ಆ ಸೌಲಭ್ಯ ಎಂಟಕ್ಕೇ ಮುಗಿಯುತ್ತದೆ. ಒಂಬತ್ತಕ್ಕೆ ಬಂದಾಗ ಶಾಲೆಯ ಟ್ರಸ್ಟು ಅವಳ ಶುಲ್ಕ ಮನ್ನಾ ಮಾಡಿತ್ತು. ಕೊಟ್ಟ ಕೈ ಯಾವಾಗ ಬೇಕಾದರೂ ಕಸಿದುಕೊಳ್ಳಬಹುದಾದ ಸೀಟು ಅದು. ತರಗತಿಯಲ್ಲಿ ಅವಳದು ಮರಾಠಿ, ಇಂಗ್ಲಿಷು. ನನ್ನ ಹತ್ತಿರ ಒಬ್ಬಳೇ ಬಂದಾಗ ಮಾತ್ರ ಕನ್ನಡ. ನಾನು ವಿಜಯಪುರದವರ ಮಗಳು ಎಂದು ಗೊತ್ತಾದ ದಿನದಿಂದ ಅವಳಿಗೆ ನಾನು ಅರ್ಧ ಮಿಸ್ಸು, ಅರ್ಧ ಮನೆಯವಳು.

ಇನ್ನು ಟ್ರಸ್ಟಿ. ಶಾಲೆಯ ಆಡಳಿತ ಮಂಡಳಿಯಲ್ಲಿ ಇವರ ಮಾತೇ ಕೊನೆಯದು. ಚಾಕಣದಲ್ಲಿ ಅವರಿಗೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಿತ್ತು. ಆ ವರ್ಷ ಅವರೊಂದು ಹೊಸ ಸಾಮಾನು ಹೊರತಂದಿದ್ದರು: ನೀರಿನ ಪೈಪಿಗೆ ಸುತ್ತುವ ಮ್ಯಾಗ್ನೆಟ್ ಪಟ್ಟಿ. ಅದರ ಮೂಲಕ ಹರಿದ ನೀರು ಹಾಕಿದರೆ ಬೀಜ ಬೇಗ ಮೊಳೆಯುತ್ತದೆ, ಕಬ್ಬು ಎತ್ತರ ಬೆಳೆಯುತ್ತದೆ ಎಂಬುದು ಪ್ರಚಾರ. ಶಾಲೆಯ ಕುಡಿಯುವ ನೀರಿನ ನಲ್ಲಿಗೂ, ನನ್ನ ಲ್ಯಾಬಿನ ಒಂದು ನಲ್ಲಿಗೂ ಆ ಪಟ್ಟಿ ಬಂದು ಕೂತಿತು. ನನ್ನನ್ನು ಯಾರೂ ಕೇಳಲಿಲ್ಲ.

ಮುಖ್ಯೋಪಾಧ್ಯಾಯ ಜಗತಾಪ್ ಸರ್ ನನ್ನನ್ನು ಕರೆದು ಹೇಳಿದರು: “ಪ್ರದರ್ಶನಕ್ಕೆ ಮ್ಯಾಗ್ನೆಟ್ ನೀರಿನ ಮೇಲೆ ಒಂದು ಪ್ರಾಜೆಕ್ಟ್ ಆಗಲಿ, ಮ್ಯಾಡಮ್. ಟ್ರಸ್ಟಿ ಸಾಹೇಬರೇ ಮುಖ್ಯ ಅತಿಥಿ.”

“ಮಾಡಿಸುತ್ತೇನೆ ಸರ್. ಆದರೆ ಸರಿಯಾಗಿ ಮಾಡಿಸುತ್ತೇನೆ.”

“ಸರಿಯಾಗಿಯೇ ಮಾಡಿಸಿ, ಯಾರು ಬೇಡ ಅಂದರು?” ಎಂದು ನಕ್ಕರು.

ನಾನು ಶುರುಮಾಡುವುದರೊಳಗೆ, ಹತ್ತನೆಯ ತರಗತಿಯ ಕೆಲವು ಹುಡುಗರು ಜಗತಾಪ್ ಸರ್ ಅಪ್ಪಣೆಯ ಮೇಲೆ ತಾವೇ ಒಂದು ಪ್ರಯೋಗ ಮುಗಿಸಿಬಿಟ್ಟಿದ್ದರು. ಎರಡು ಟ್ರೇ, ಎರಡರಲ್ಲೂ ಹೆಸರುಕಾಳು. ಒಂದಕ್ಕೆ ಮ್ಯಾಗ್ನೆಟ್ ನೀರು, ಇನ್ನೊಂದಕ್ಕೆ ಸಾದಾ ನೀರು. ವಾರದ ನಂತರ ನೋಡಿದರೆ ಮ್ಯಾಗ್ನೆಟ್ ಟ್ರೇಯ ಸಸಿಗಳ ಸರಾಸರಿ ಎತ್ತರ ಹದಿನೇಳು ಸೆಂಟಿಮೀಟರ್, ಸಾದಾ ಟ್ರೇಯದು ಹನ್ನೆರಡು. ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದರು. ಪಾಲಕರ ವಾಟ್ಸಾಪ್ ಗುಂಪಿಗೆ ಫೋಟೋ ಹೋಯಿತು.

ಆ ದಿನ ಊಟದ ಬಿಡುವಿನಲ್ಲಿ ರೇಣುಕಾ ಲ್ಯಾಬಿಗೆ ಬಂದಳು. ಟ್ರೇಗಳ ಮುಂದೆ ಬಹಳ ಹೊತ್ತು ಬಗ್ಗಿ ನಿಂತಳು.

“ಮಿಸ್, ಇವು ಉದ್ದ ಅವ ಖರೆ. ಆದ್ರ ಹಳದಿ ಯಾಕ ಅವ್ರಿ?”

“ನೀನೇ ಹೇಳು.”

“ಈ ಟ್ರೇ ಎಲ್ಲಿ ಇಟ್ಟಿದ್ರು?”

ಮ್ಯಾಗ್ನೆಟ್ ನಲ್ಲಿಯ ಪಕ್ಕದಲ್ಲೇ, ಸಿಂಕಿನ ಕೆಳಗಿನ ಕತ್ತಲೆ ಗೂಡಿನಲ್ಲಿ ಇಟ್ಟಿದ್ದರು. ನೀರು ಹಾಕಲು ಸುಲಭ ಎಂದು. ಸಾದಾ ನೀರಿನ ಟ್ರೇ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ.

“ಹಂಗಾದ್ರ ಮ್ಯಾಗ್ನೆಟ್ ಅಲ್ರಿ ಮಿಸ್. ಬೆಳಕ ಸಿಕ್ಕಿಲ್ಲ ಅಂತ ಹುಡುಕ್ಕೋತ ಮ್ಯಾಲ ಎದ್ದಾವ್ರಿ ಇವು.”

ಅವಳು ಹೇಳಿದ್ದು ಪೂರ್ತಿ ಸರಿ. ಬೆಳಕು ಸಿಗದ ಸಸಿ ಬೇಗ ಬೇಗ ಉದ್ದವಾಗುತ್ತದೆ, ಬಿಳುಚಿಕೊಳ್ಳುತ್ತದೆ, ಕಾಂಡ ಸೊರಗುತ್ತದೆ. ಇದು ನಮ್ಮ ಪುಸ್ತಕದಲ್ಲೇ ಇರುವ ಪಾಠ. ಶಾಲೆಯಿಡೀ ಪೇಢೆ ತಿಂದು ಸಂಭ್ರಮಿಸಿದ್ದು ಸಸಿಗಳ ಹಸಿವನ್ನು. ಎರಡು ಟ್ರೇಗಳ ನಡುವೆ ಒಂದೇ ಒಂದು ಸಂಗತಿ ಬೇರೆಯಿರಬೇಕು, ಉಳಿದೆಲ್ಲ ಒಂದೇ ಇರಬೇಕು. ಪ್ರಯೋಗದ ವಿನ್ಯಾಸದ ಮೊದಲ ನಿಯಮವೇ ಇದು. ಅಲ್ಲಿ ನೀರೂ ಬೇರೆ, ಬೆಳಕೂ ಬೇರೆ. ಇಷ್ಟು ಜನ ದೊಡ್ಡವರು ಆ ಟ್ರೇಗಳ ಜೊತೆ ಫೋಟೋ ತೆಗೆಸಿಕೊಂಡರಲ್ಲ, ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಪ್ರಯೋಗವನ್ನು ಮತ್ತೆ ಮಾಡುವುದೆಂದು ನಿರ್ಧರಿಸಿ ರೇಣುಕಾಗೇ ಒಪ್ಪಿಸಿದೆ. ಒಂದೇ ಚೀಲದ ಕಾಳನ್ನು ಕಲಸಿ ಇಪ್ಪತ್ತು ಕಪ್ಪುಗಳಿಗೆ ಹತ್ತು ಹತ್ತರಂತೆ ಹಾಕಿದಳು. ಎಲ್ಲ ಕಪ್ಪುಗಳೂ ಕಿಟಕಿಯ ಕಟ್ಟೆಯ ಮೇಲೆ. ಯಾವ ಕಪ್ಪು ಎಲ್ಲಿ ಕೂರಬೇಕು, ಯಾವುದಕ್ಕೆ ಯಾವ ನೀರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದಳು. ನಮಗಿಷ್ಟವಾದ ಕಪ್ಪಿಗೆ ನಾವೇ ಒಳ್ಳೆಯ ಜಾಗ ಕೊಡದಿರಲಿ ಎಂದು ಈ ಚೀಟಿ. ನೀರಿನ ಕ್ಯಾನುಗಳಿಗೆ, ಚೀಟಿಗೆ ತಕ್ಕಂತೆ ಕಪ್ಪುಗಳಿಗೂ, ಲ್ಯಾಬ್ ಸಹಾಯಕಿ ಮಂದಾತಾಯಿ ಕೆಂಪು, ನೀಲಿ ಬೊಟ್ಟು ಅಂಟಿಸಿದಳು. ಯಾವ ಬಣ್ಣ ಮ್ಯಾಗ್ನೆಟ್ಟಿನದು ಎಂದು ಅವಳೊಬ್ಬಳಿಗೇ ಗೊತ್ತು. ರೇಣುಕಾಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಳೆಯುವವರಿಗೆ ಗೊತ್ತಿದ್ದರೆ ಸ್ಕೇಲು ಅರಿವಿಲ್ಲದೆಯೇ ಅವರ ಆಸೆಯ ಕಡೆ ವಾಲುತ್ತದೆ. ಹೀಗೆ ಮುಚ್ಚಿಡುವುದಕ್ಕೆ ಬ್ಲೈಂಡಿಂಗ್ ಎನ್ನುತ್ತಾರೆ.

ವಾರದ ನಂತರ ಕೆಂಪಿನ ಸರಾಸರಿ 11.2 ಸೆಂಟಿಮೀಟರ್, ನೀಲಿಯದು 11.4. ಆದರೆ ಒಂದೇ ಕಪ್ಪಿನೊಳಗೆ ಎಂಟರ ಸಸಿಯೂ ಇತ್ತು, ಹದಿನಾಲ್ಕರ ಸಸಿಯೂ ಇತ್ತು.

ರೇಣುಕಾ ಲೆಕ್ಕ ನೋಡಿ ತಲೆ ಎತ್ತಿದಳು. “ಒಂದ ಕಪ್ಪಿನ್ಯಾಗ ಇಷ್ಟ್ ಫರಕ್ ಅದ ಮಿಸ್. ಎರಡ ಬಣ್ಣದ ನಡುವ ಏನೇನೂ ಇಲ್ಲ. ಇದನ್ನ ಫರಕ್ ಅಂತ ಹೆಂಗ ಹೇಳಬೇಕ್ರಿ?”

ಹೇಳಬಾರದು. ಸ್ಟ್ಯಾಟಿಸ್ಟಿಕ್ಸಿನ ದೊಡ್ಡ ದೊಡ್ಡ ಪುಸ್ತಕಗಳು ಸುತ್ತಿ ಬಳಸಿ ಹೇಳುವುದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ಆದರೂ ಎರಡನೆಯ ಸಲ ಮಾಡಿಸಿದೆ. ಈ ಬಾರಿ ಕೆಂಪು ಕೂದಲೆಳೆಯಷ್ಟು ಮುಂದೆ, ನೀಲಿ ಹಿಂದೆ. ಅದಾದ ಮೇಲೆ ಮಂದಾತಾಯಿ ಗುಟ್ಟು ಬಿಟ್ಟಳು: ಕೆಂಪು ಮ್ಯಾಗ್ನೆಟ್ಟಿನದು. ಒಮ್ಮೆ ಸೋತಿತ್ತು, ಒಮ್ಮೆ ಗೆದ್ದಿತ್ತು. ಅಂದರೆ ಎರಡೂ ಆಕಸ್ಮಿಕ.

ಜಗತಾಪ್ ಸರ್ ಮುಂದೆ ಫಲಿತಾಂಶ ಇಟ್ಟೆ.

“ವ್ಯತ್ಯಾಸ ಇಲ್ಲ ಅಂದರೆ ಪ್ರಯೋಗ ಫೇಲಾಯಿತು ಅಂತ ಅರ್ಥ, ಮ್ಯಾಡಮ್.”

“ಪ್ರಯೋಗ ಪಾಸಾಗಿದೆ ಸರ್. ಫೇಲಾಗಿದ್ದು ಪಟ್ಟಿ.”

ಅವರ ಮುಖ ಬಿಗಿಯಾಯಿತು. ಆದರೆ ತುಂಬಾ ಸಮಾಧಾನದಿಂದ ಹೇಳಿದರು: “ಹಾಗಾದರೆ ಹುಡುಗರ ಅಂಕಿ ಮತ್ತು ನಿಮ್ಮ ಅಂಕಿ ಎರಡನ್ನೂ ಸೇರಿಸಿ ಸರಾಸರಿ ತೆಗೆಯಿರಿ. ಸ್ವಲ್ಪವಾದರೂ ಹೆಚ್ಚು ಬರುತ್ತದೆ. ಯಾರಿಗೂ ಬೇಜಾರಿಲ್ಲ.”

ನನ್ನ ಮೈ ಉರಿದುಹೋಯಿತು. ಈ ಮನುಷ್ಯ ಮುಖ್ಯೋಪಾಧ್ಯಾಯನಾಗುವ ಮುಂಚೆ ಗಣಿತದ ಮಾಸ್ತರು. ಸರಾಸರಿ ಎಂದರೇನು ಎಂದು ಸಾವಿರಾರು ಮಕ್ಕಳಿಗೆ ಕಲಿಸಿದವರು. ತಪ್ಪು ಅಳತೆಯನ್ನೂ ಸರಿ ಅಳತೆಯನ್ನೂ ಕಲಸಿದರೆ ಅರ್ಧ ಸತ್ಯವಲ್ಲ, ಇಡೀ ಸುಳ್ಳು ಹುಟ್ಟುತ್ತದೆ ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ಕೇಳಿದರು. “ಆಗುವುದಿಲ್ಲ ಸರ್” ಎಂದು ಎದ್ದು ಬಂದೆ.

ಪ್ರದರ್ಶನದ ಬೆಳಿಗ್ಗೆ ಸಭಾಂಗಣಕ್ಕೆ ಹೋದರೆ ನಮ್ಮ ಟೇಬಲ್ಲಿನ ಹಿಂದೆ ಆಳೆತ್ತರದ ಫ್ಲೆಕ್ಸ್ ನಿಂತಿತ್ತು. ರೇಣುಕಾ ಕೈಯಿಂದ ಬರೆದಿದ್ದ ಚಾರ್ಟ್ ಮಾಯವಾಗಿತ್ತು. ಫ್ಲೆಕ್ಸಿನಲ್ಲಿ ಹುಡುಗರ ಮೊದಲ ಪ್ರಯೋಗದ ಅಂಕಿಗಳು, ಹದಿನೇಳು ಮತ್ತು ಹನ್ನೆರಡು. ಅದೂ ಅಳತೆಯ ಗೆರೆ ಸೊನ್ನೆಯಿಂದಲ್ಲ, ಹತ್ತರಿಂದ ಶುರುವಾಗಿತ್ತು. ಹಾಗೆ ಬುಡ ಕತ್ತರಿಸಿ ತೋರಿಸಿದರೆ ಒಂದು ಕಂಬ ಇನ್ನೊಂದಕ್ಕಿಂತ ಮೂರೂವರೆ ಪಟ್ಟು ಎತ್ತರ ಕಾಣುತ್ತದೆ. ಮೇಲೆ ‘ವೈಜ್ಞಾನಿಕವಾಗಿ ಸಾಬೀತು’ ಎಂದು ಮರಾಠಿಯಲ್ಲಿ ದಪ್ಪಕ್ಷರ. ಕೆಳಗೆ ರೇಣುಕಾಳ ಹೆಸರು, ಕಪ್ಪು ಹಿಡಿದು ನಿಂತ ಅವಳ ಫೋಟೋ. ನಮ್ಮ ಪ್ರಯೋಗ ನಡೆಯುತ್ತಿದ್ದಾಗ ಆಫೀಸಿನವರು ಬಂದು ತೆಗೆದುಕೊಂಡು ಹೋಗಿದ್ದ ಫೋಟೋ ಅದು. ಅಂಕಿ ಒಬ್ಬರದು, ಮುಖ ಇನ್ನೊಬ್ಬರದು.

ನಾನು ಫ್ಲೆಕ್ಸ್ ಕೀಳಲು ಕೈ ಹಾಕಿದೆ. ಜಗತಾಪ್ ಸರ್ ಅಡ್ಡ ಬಂದರು. ಅಷ್ಟರಲ್ಲಿ ಟ್ರಸ್ಟಿ ಸಾಹೇಬರು ಬಾಗಿಲಲ್ಲಿ ಕಾಣಿಸಿಕೊಂಡರು. ಜೊತೆಗೆ ತೀರ್ಪುಗಾರರಾಗಿ ಬಂದಿದ್ದ ಕೃಷಿ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರು, ಅವರ ಹಿಂದೆ ಪಟ್ಟಿ ಮಾರಲು ಏಜೆನ್ಸಿ ತೆಗೆದುಕೊಂಡ ಕೆಲವು ಅಂಗಡಿಕಾರರು. ಅವರಲ್ಲೊಬ್ಬರು ಪುಣೆ ಜಿಲ್ಲೆಯದೇ ಆದ ಇಂದಾಪುರದಲ್ಲಿ ಬೀಜ, ಗೊಬ್ಬರ ಮಾರುವ ಶಿವಪ್ಪ ಶೆಟ್ಟರ್. ಮೂಲ ನಮ್ಮ ವಿಜಯಪುರದ ಕಡೆಯವರೇ.

ಪ್ರಾಧ್ಯಾಪಕರು ರೇಣುಕಾಳನ್ನು ಕೇಳಿದರು: “ಹೇಳು ಮಗೂ, ಏನು ಕಂಡುಹಿಡಿದೆ?”

ಅವಳು ನನ್ನ ಕಡೆ ನೋಡಿದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಳೆದುಕೊಳ್ಳುವುದು ಅವಳದು, ಹೇಳು ಎಂದು ತಳ್ಳುವ ಹಕ್ಕು ನನಗಿರಲಿಲ್ಲ, ಹೇಳಬೇಡ ಎಂದು ತಡೆಯುವ ಹಕ್ಕಂತೂ ಇರಲೇ ಇಲ್ಲ.

ರೇಣುಕಾ ಮರಾಠಿಯಲ್ಲಿ, ಒಂದೊಂದೇ ಪದ ಆರಿಸಿ ಹೇಳಿದಳು: “ಸರ್, ಈ ಬೋರ್ಡು ನನ್ನದಲ್ಲ. ನಮ್ಮ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ.”

ಟ್ರಸ್ಟಿ ಸಾಹೇಬರು ನಗುನಗುತ್ತಲೇ ಅವಳ ತಲೆಯ ಮೇಲೆ ಕೈಯಿಟ್ಟರು. “ಬಾಳಾ, ಮಗೂ, ಹೆದರಿದ್ದೀಯ. ನೆನಪು ಮಾಡಿಕೊಂಡು ಹೇಳು.”

ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು. ಬಗ್ಗಿ ಟೇಬಲ್ಲಿನ ಕೆಳಗಿನಿಂದ ಕಪ್ಪುಗಳ ಪೆಟ್ಟಿಗೆ ತೆಗೆದು ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ಬೊಟ್ಟುಗಳಿದ್ದ ಬದಿ ತನ್ನ ಕಡೆ ತಿರುಗಿಸಿದಳು. “ಇವುಗಳಲ್ಲಿ ಮ್ಯಾಗ್ನೆಟ್ ನೀರಿನವು ಯಾವುವು? ನೀವೇ ತೋರಿಸಿ ಸರ್.”

ಟ್ರಸ್ಟಿ ಸಾಹೇಬರು ಕೈಗಳನ್ನು ಹಿಂದೆ ಕಟ್ಟಿಕೊಂಡರು. ಶಿವಪ್ಪ ಶೆಟ್ಟರ್ ಮಾತ್ರ ಮುಂದೆ ಬಂದು, ಕನ್ನಡಕ ಮೇಲೇರಿಸಿ, ಒಂದೊಂದು ಕಪ್ಪನ್ನೂ ನೋಡಿದರು. ನೋಡಿ ನಕ್ಕುಬಿಟ್ಟರು. “ಎಲ್ಲಾ ಒಂದ ಥರಾ ಅದಾವಲ್ಲ!” ಎಂದದ್ದು ಕನ್ನಡದಲ್ಲಿ. ಅರ್ಥ ಮಾತ್ರ ಅಲ್ಲಿದ್ದವರಿಗೆಲ್ಲ ಆಯಿತು. ಪ್ರಾಧ್ಯಾಪಕರು ಫ್ಲೆಕ್ಸನ್ನು ಒಮ್ಮೆ, ಕಪ್ಪುಗಳನ್ನು ಒಮ್ಮೆ ನೋಡಿ, ಏನೋ ಗೀಚಿಕೊಂಡು ಮುಂದಿನ ಟೇಬಲ್ಲಿಗೆ ಹೋದರು. ಆ ಸಂಜೆ ಮೊದಲ ಬಹುಮಾನ ಜ್ವಾಲಾಮುಖಿಯ ಮಾದರಿಗೆ ಬಂತು. ಅಡಿಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿ. ಕಪ್ಪುಗಳನ್ನು ಕಣ್ಣಾರೆ ಕಂಡ ಪ್ರಾಧ್ಯಾಪಕರು ವೇದಿಕೆಯ ಮೇಲೆ ಅವುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಮೇಲಿನ ಸಿಟ್ಟೂ ನನಗೆ ಹಾಗೇ ಇದೆ.

ಮರುದಿನ ಮಲ್ಲಪ್ಪ, ಶಾಂತವ್ವ ಇಬ್ಬರನ್ನೂ ಶಾಲೆಗೆ ಕರೆಸಿದರು. ಅವರ ಮರಾಠಿ ಸೈಟಿನ ಮರಾಠಿ, ಆಫೀಸಿನ ಮಾತು ಅರ್ಥವಾಗುವುದಿಲ್ಲ ಎಂಬ ನೆಪ ಹೇಳಿ ನಾನೂ ಒಳಗೆ ಕೂತೆ. ಜಗತಾಪ್ ಸರ್ ವಿಷಯ ಹೇಳಿದರು: ಹುಡುಗಿ ಮುಖ್ಯ ಅತಿಥಿಗೆ ಅವಮಾನ ಮಾಡಿದ್ದಾಳೆ, ಕ್ಷಮೆ ಕೇಳಿ ನಾಲ್ಕು ಸಾಲು ಬರೆದುಕೊಡಬೇಕು. ಇಲ್ಲದಿದ್ದರೆ ಶುಲ್ಕದ ರಿಯಾಯಿತಿಯ ಬಗ್ಗೆ ಟ್ರಸ್ಟು ಮತ್ತೆ ಯೋಚಿಸಬೇಕಾಗುತ್ತದೆ.

ಮಲ್ಲಪ್ಪ ಕೈಮುಗಿದು ನಿಂತೇ ಇದ್ದ. “ಬರದ ಕೊಡತಾಳ್ರಿ ಸಾಹೇಬ್ರ, ಸಣ್ಣ ಹುಡುಗಿ...” ಎಂದು ಶುರು ಮಾಡಿದ. ಶಾಂತವ್ವ ಅವನ ತೋಳು ಹಿಡಿದು ನಿಲ್ಲಿಸಿ, ನನ್ನ ಕಡೆ ತಿರುಗಿದಳು.

“ಮಿಸ್, ನಮ್ಮ ರೇಣವ್ವ ಸುಳ್ಳ ಹೇಳ್ಯಾಳೇನ್ರಿ?”

“ಇಲ್ಲವ್ವ. ಖರೇನ ಹೇಳ್ಯಾಳ.”

“ಹಂಗಾದ್ರ ಮಾಫಿ ಎದಕ್ಕ ಬರೀಬೇಕ್ರಿ?”

ಈ ಪ್ರಶ್ನೆಯನ್ನು ನಾನು ಮರಾಠಿಗೆ ಅಕ್ಷರಕ್ಕಕ್ಷರ ತಿರುಗಿಸಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟೆ. ನಾನು ಮುಂದುವರಿಸಿದೆ: “ಈ ಹುಡುಗಿಯ ಸೀಟು ಹೋದರೆ, ಆ ಫ್ಲೆಕ್ಸಿನ ಫೋಟೋ ಮತ್ತು ನಮ್ಮ ಅಳತೆಗಳನ್ನು ಹಿಡಿದುಕೊಂಡು ನಾನು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತೇನೆ. ಅಲ್ಲಿಂದ ಪ್ರತಿಯೊಬ್ಬ ಪಾಲಕರ ಮನೆಗೂ ಹೋಗುತ್ತೇನೆ.”

“ಬೆದರಿಕೆ ಹಾಕುತ್ತಿದ್ದೀರಾ?”

“ಹೌದು ಸರ್.”

ಕ್ಷಮೆಯ ಮಾತು ಅಲ್ಲಿಗೆ ನಿಂತಿತು, ಸೀಟು ಉಳಿಯಿತು. ಬೆಲೆ ನನ್ನ ಕಡೆಯಿಂದ ವಸೂಲಾಯಿತು. ಲ್ಯಾಬಿನ ಬೀಗದ ಕೈ ವಾಪಸು ಪಡೆದರು. ಜೂನಿನಿಂದ ನನಗೆ ಐದು, ಆರನೆಯ ತರಗತಿಗಳು ಮಾತ್ರ ಎಂಬ ಆದೇಶ ಬಂತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಬೇಸಿಗೆ ರಜೆಯಲ್ಲಿ ಮಲ್ಲಪ್ಪ ನನ್ನ ಮನೆ ಹುಡುಕಿಕೊಂಡು ಬಂದ. ಇಂದಾಪುರದ ಎಸ್‌ಟಿ ಬಸ್ ನಿಲ್ದಾಣದಲ್ಲಿ ಅವನ ಊರಿನವರೊಬ್ಬರು ಕಂಡು ಫೋನಿನಲ್ಲಿ ಕಳಿಸಿದ ಚಿತ್ರ ತೋರಿಸಿದ. ಮ್ಯಾಗ್ನೆಟ್ ಪಟ್ಟಿಯ ಪೋಸ್ಟರು. ಅದರ ಮೇಲೆ ಅದೇ ಬುಡ ಕತ್ತರಿಸಿದ ಕಂಬಗಳು, ಅದೇ ಕಪ್ಪು ಹಿಡಿದ ರೇಣುಕಾ. ‘ವಿದ್ಯಾರ್ಥಿಗಳೇ ಸಾಬೀತು ಮಾಡಿದ್ದಾರೆ.’

“ಮಂದಿ ಫೋನ್ ಮಾಡಿ ಶಾಬ್ಬಾಸ್ ಅನ್ನಾಕತ್ತಾರ್ರಿ. ಹುಡುಗಿ ಎರಡ ದಿನ ಉಂಡಿಲ್ಲ,” ಎಂದ.

ಮಲ್ಲಪ್ಪ, ರೇಣುಕಾ, ನಾನು ಮೂವರೂ ಕೆಂಪು ಬಸ್ಸು ಹತ್ತಿ ಇಂದಾಪುರಕ್ಕೆ ಹೋದೆವು. ಶಿವಪ್ಪ ಶೆಟ್ಟರ ಅಂಗಡಿಯ ಮುಂದೆ, ಒಳಗೆ, ಕಂಬಗಳ ಮೇಲೆ, ಎಲ್ಲೆಲ್ಲೂ ಅವಳ ಮುಖ. ಶೆಟ್ಟರು ಅವಳ ಗುರುತು ಹಿಡಿದರು. ಸ್ವಲ್ಪ ನಾಚಿದರು ಕೂಡ.

“ಕಾಕಾ, ನೀವ ನೋಡೀರಿ. ಎಲ್ಲಾ ಒಂದ ಥರಾ ಅದಾವ ಅಂತ ನೀವ ಅಂದ್ರಿ,” ರೇಣುಕಾ ಹೇಳಿದಳು. “ನನ್ನ ಫೋಟೋ ತಗೀರಿ.”

ಶೆಟ್ಟರು ಆಳನ್ನು ಕರೆಯಲಿಲ್ಲ. ತಾವೇ ಎದ್ದು ಒಂದೊಂದೇ ಪೋಸ್ಟರ್ ಕಿತ್ತರು. ಆಮೇಲೆ ಗಲ್ಲೆಯ ಹಿಂದೆ ಕೂತು ನನಗೆ ಹೇಳಿದರು: “ಫೋಟೋ ತಗದೆ ನೋಡ್ರಿ ಟೀಚರ್. ಸಾಮಾನ ಮಾತ್ರ ಮಾರತೀನ್ರಿ. ನಾ ಮಾರಲಿಲ್ಲಂದ್ರ ಬಾಜೂಕಿನವ ಮಾರತಾನ.”

ಇಷ್ಟು ಸಲೀಸಾಗಿ ಹೇಳಿದರು. ಕಣ್ಣಾರೆ ಕಂಡಿದ್ದಾರೆ, ನಕ್ಕಿದ್ದಾರೆ, ಆದರೂ ಮಾರುತ್ತಾರೆ. ನನಗೆ ಕೋಪ ಬಂತು. ಅಂಗಡಿಯಲ್ಲಿ ಅದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ ಕಬ್ಬಿನ ತೋಟದವರೊಬ್ಬರು ಇದ್ದರು. ನಮ್ಮ ಕನ್ನಡ ಅವರಿಗೆ ಅರ್ಥವಾಗಿರಲಿಲ್ಲ, ಪೋಸ್ಟರ್ ಕಿತ್ತದ್ದು ಅರ್ಥವಾಗಿತ್ತು. ರೇಣುಕಾ ನೇರವಾಗಿ ಅವರ ಹತ್ತಿರ ಹೋಗಿ ಮರಾಠಿಯಲ್ಲಿ ಹೇಳಿದಳು: “ಇದರಿಂದ ಏನೂ ಆಗಲಿಲ್ಲ. ನಾನೇ ಅಳೆದಿದ್ದೇನೆ. ನನ್ನನ್ನೂ ನಂಬಬೇಡಿ. ಯಾರದಾದರೂ ಪಟ್ಟಿ ಒಮ್ಮೆ ಕೇಳಿ ತಂದು ನೀವೇ ನೋಡಿ. ಕೆಲವು ಸಾಲಿಗೆ ಆ ನೀರು, ಕೆಲವು ಸಾಲಿಗೆ ಸಾದಾ ನೀರು. ಉಳಿದದ್ದೆಲ್ಲ ಒಂದೇ ಇರಲಿ.”

ಅವರು ಪಟ್ಟಿಯನ್ನು ಗಲ್ಲೆಯ ಮೇಲೆ ಇಟ್ಟರು. “ಎಷ್ಟು ಸಾಲು ಬೇಕಾಗುತ್ತದೆ ಪೋರಿ?”

“ಒಂದೊಂದೇ ಸಾಲಾದರೆ ನಡೆಯುವುದಿಲ್ಲ ಕಾಕಾ. ಒಂದು ಸಾಲು ಸುಮ್ಮನೆಯೂ ಚೆನ್ನಾಗಿ ಬರಬಹುದು,” ಎಂದು ಅವಳು ಅಲ್ಲಿದ್ದ ಗೊಬ್ಬರದ ಚೀಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸತೊಡಗಿದಳು. ಶೆಟ್ಟರು ತಡೆಯಲಿಲ್ಲ.

ಮರುವರ್ಷ ನಾನು ಆ ಶಾಲೆ ಬಿಟ್ಟೆ. ರೇಣುಕಾ ಹತ್ತನೆಯದನ್ನು ಅಲ್ಲೇ ಮುಗಿಸಿ ವಿಜ್ಞಾನವನ್ನೇ ತೆಗೆದುಕೊಂಡಳು. ಪಟ್ಟಿ ಈಗಲೂ ಮಾರಾಟವಾಗುತ್ತಿದೆ, ಅವಳ ಮುಖವಿಲ್ಲದೆ. ಸರಾಸರಿ, ಚೆದುರುವಿಕೆ, ಚೀಟಿ ಎತ್ತುವುದು, ಬ್ಲೈಂಡಿಂಗ್, ಇವನ್ನು ಕಲಿಸುವುದು ಕಷ್ಟವಲ್ಲ. ಹದಿನಾಲ್ಕರ ಮಗುವಿಗೆ ಕೆಲವೇ ವಾರಗಳಲ್ಲಿ ಬರುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ಮಗು ಅಳತೆಯನ್ನು ನಂಬಿ ಬಾಯಿ ತೆರೆದಾಗ, ಅದರ ಬಾಯಿ ಮುಚ್ಚಿಸಲು ಅತ್ಯಂತ ಸಮಾಧಾನದ ದನಿಯಲ್ಲಿ ಬರುವವರು ಲೆಕ್ಕ ಬಾರದವರಲ್ಲ, ಲೆಕ್ಕ ಚೆನ್ನಾಗಿ ಬಲ್ಲವರು. ಆ ಹೊತ್ತಿಗೆ ಮೇಷ್ಟ್ರಾದವರು ಮಗುವಿನ ಪಕ್ಕದಲ್ಲಿ, ಸಿಟ್ಟು ಇಟ್ಟುಕೊಂಡೇ, ನಿಂತಿರಬೇಕು. ಇಲ್ಲದಿದ್ದರೆ ಅದಕ್ಕೆ ಅಳೆಯುವುದನ್ನು ಕಲಿಸಬಾರದು.